ಸ್ಕ್ರೂ ಜೋರಾಗಿ ತಿರುಗಿಸಿದರೂ ಹನಿ ಸಣ್ಣದಾಗುತ್ತಿಲ್ಲ, ಯಾಕೆ?

ಪ್ರಶ್ನೆ: ಪಾಲಿಎಥಿಲೀನ್‌ಗೆ ಶೇ. 20ರಷ್ಟು ಪಾಲಿಸ್ಟೈರೀನ್ ಸೇರಿಸಿ ಎಕ್ಸ್‌ಟ್ರೂಡರ್‌ನಲ್ಲಿ (ತಿರುಗುವ ಸ್ಕ್ರೂನಿಂದ ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಯಂತ್ರ) ಬೆರೆಸುತ್ತಿದ್ದೇನೆ. ಸ್ಕ್ರೂ ವೇಗ ಎರಡು ಪಟ್ಟು ಮಾಡಿದರೂ ಪಾಲಿಸ್ಟೈರೀನ್ ಹನಿಗಳ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. ಮೇಲಾಗಿ, ಮೋಲ್ಡ್ ಮಾಡಿದ ಪಟ್ಟಿಯ ಮೇಲ್ಪದರ ಸಿಪ್ಪೆಯ ಹಾಗೆ ಏಳುತ್ತದೆ. ಏನು ಮಾಡಲಿ?

ಉತ್ತರ: ಈ ಎರಡು ಪ್ಲಾಸ್ಟಿಕ್‌ಗಳು ಕರಗಿದರೂ ಒಂದರಲ್ಲೊಂದು ಬೆರೆಯುವುದಿಲ್ಲ. ಎಕ್ಸ್‌ಟ್ರೂಡರ್‌ನಲ್ಲಿ ಸಿಕ್ಕ ರಚನೆ ಕಾಯಂ ಅಂದುಕೊಳ್ಳಬೇಡಿ. ಕರಗಿ ಹರಿಯುವಷ್ಟು ಹೊತ್ತೂ ಅದು ಬದಲಾಗುತ್ತಲೇ ಇರುತ್ತದೆ.

ಹರಿವು ಹನಿಯನ್ನು ಉದ್ದಕ್ಕೆ ಎಳೆಯುತ್ತದೆ. ಎರಡು ಪ್ಲಾಸ್ಟಿಕ್‌ಗಳು ಕೂಡುವ ಗಡಿಯ ಸೆಳೆತ ಅದನ್ನು ಮತ್ತೆ ಉಂಡೆ ಮಾಡಲು ನೋಡುತ್ತದೆ. ಈ ಜಗ್ಗಾಟದ ಅಳತೆಯೇ ಕ್ಯಾಪಿಲರಿ ಸಂಖ್ಯೆ. 1930ರ ದಶಕದಲ್ಲೇ ಭೌತವಿಜ್ಞಾನಿ ಜಿ. ಐ. ಟೇಲರ್ ಒಂಟಿ ಹನಿಗಳ ಮೇಲೆ ಇದನ್ನು ನೋಡಿದ್ದರು. ಸುತ್ತಲಿನ ಪ್ಲಾಸ್ಟಿಕ್‌ನ ವಿಸ್ಕಾಸಿಟಿ (ಹರಿಯಲು ಒಡ್ಡುವ ತಡೆ), ಶಿಯರ್ ದರ (ಪದರಗಳು ಒಂದರ ಮೇಲೊಂದು ಎಷ್ಟು ಬೇಗ ಜಾರುತ್ತವೆ ಎಂಬ ಅಳತೆ), ಹನಿಯ ತ್ರಿಜ್ಯ ಮೂರನ್ನೂ ಗುಣಿಸಿ, ಗಡಿಯ ಸೆಳೆತದಿಂದ ಭಾಗಿಸಿ. 1000 ಪಾಸ್ಕಲ್-ಸೆಕೆಂಡ್, ಸೆಕೆಂಡಿಗೆ 100, 1 ಮೈಕ್ರಾನ್, ಮೀಟರಿಗೆ 5 ಮಿಲಿನ್ಯೂಟನ್ ಎಂದಿಟ್ಟುಕೊಂಡರೆ 20 ಬರುತ್ತದೆ. ಎರಡರ ವಿಸ್ಕಾಸಿಟಿ ಹತ್ತಿರ ಇದ್ದರೆ ಹನಿ ಒಡೆಯಲು ಸುಮಾರು 0.5 ಸಾಕು. ಅಂದರೆ 20 ಇದ್ದದ್ದು 0.5ಕ್ಕೆ ಬರುವ ತನಕ ಹನಿ ಒಡೆಯುತ್ತಾ ಹೋಗಿ ತ್ರಿಜ್ಯ 25 ನ್ಯಾನೋಮೀಟರ್‌ಗೆ ಇಳಿಯಬೇಕಿತ್ತು, ಅಲ್ವಾ?

ಇಳಿಯುವುದಿಲ್ಲ. ಒಡೆದ ಹನಿಗಳು ಡಿಕ್ಕಿಯಾಗಿ ಮತ್ತೆ ಕೂಡಿಕೊಳ್ಳುತ್ತವೆ. ಶೇ. 20 ಅಂದರೆ ಗುಂಪು ಜಾಸ್ತಿಯೇ. ವೇಗ ಹೆಚ್ಚಿಸಿದರೆ ಒಡೆಯುವುದಷ್ಟೇ ಅಲ್ಲ, ಡಿಕ್ಕಿಯೂ ಹೆಚ್ಚುತ್ತದೆ. ಜೊತೆಗೆ ಕರಗಿದ ಪ್ಲಾಸ್ಟಿಕ್ ಬಿಸಿಯಾಗಿ ತೆಳುವಾಗುತ್ತದೆ, ಹನಿಯನ್ನು ಎಳೆಯುವ ಬಲ ನೀವು ಅಂದುಕೊಂಡಷ್ಟು ಏರುವುದಿಲ್ಲ.

ಇನ್ನೊಂದು ಅನುಮಾನ. ಹನಿಯ ವಿಸ್ಕಾಸಿಟಿ ಸುತ್ತಲಿನದಕ್ಕಿಂತ ಸುಮಾರು 4 ಪಟ್ಟು ಮೀರಿದರೆ ಬರೀ ಶಿಯರ್ ಅದನ್ನು ಒಡೆಯಲಾರದು. ಹನಿ ಸುಮ್ನೆ ಗಿರಗಿರ ತಿರುಗುತ್ತದೆ. ಹಿಗ್ಗಿಸಿ ಎಳೆಯುವ ಹರಿವು ಮಾತ್ರ ಅಂಥ ಹನಿಯನ್ನೂ ಸೀಳುತ್ತದೆ. ಇಕ್ಕಟ್ಟಾದ ಸಂದಿಗೆ ನುಗ್ಗುವಾಗ ಸಿಗುವುದು ಅದೇ. ಹಾಗಾಗಿ ವೇಗಕ್ಕಿಂತ ಮೊದಲು, ನಿಮ್ಮ ಕೆಲಸದ ಉಷ್ಣತೆ ಮತ್ತು ಶಿಯರ್ ದರದಲ್ಲಿ ಎರಡರ ವಿಸ್ಕಾಸಿಟಿ ಅಳೆಯಿರಿ. ಒಂದೇ ನಿಗದಿತ ಸ್ಥಿತಿಯಲ್ಲಿ ಹರಿವನ್ನು ಅಳೆದ ಮೆಲ್ಟ್ ಫ್ಲೋ ಸಂಖ್ಯೆಯೊಂದನ್ನೇ ನಂಬಬೇಡಿ.

ಸಿಪ್ಪೆಯ ವಿಷಯಕ್ಕೆ ಬರೋಣ. ಪಟ್ಟಿಯನ್ನು ದ್ರವ ಸಾರಜನಕದಲ್ಲಿ ಅದ್ದಿ, ಹರಿವಿನ ದಿಕ್ಕಿನ ಉದ್ದಕ್ಕೆ ಮುರಿದು ನೋಡಿ. ನಡುವೆ ದುಂಡು ಉಂಡೆಗಳು, ಉಂಡೆ ಕಿತ್ತುಬಂದ ನುಣುಪು ಗುಳಿಗಳು ಕಾಣುತ್ತವೆ. ಅಂಚಿಗೆ ಬಂದಂತೆ ಅವೇ ಉದ್ದನೆಯ ಎಳೆಗಳು. ಗೋಡೆಯ ಹತ್ತಿರ ಶಿಯರ್ ಜೋರು, ತಣ್ಣನೆಯ ಮೋಲ್ಡ್ ಅವನ್ನು ಎಳೆದ ಹಾಗೇ ಗಟ್ಟಿ ಮಾಡಿಬಿಡುತ್ತದೆ. ನಡುಭಾಗ ಇನ್ನೂ ಬಿಸಿ ಇರುವುದರಿಂದ ಅಲ್ಲಿನ ಎಳೆಗಳಿಗೆ ಕುಗ್ಗಿ ಉಂಡೆಯಾಗಲು, ಇಲ್ಲವೇ ಮಣಿಸರದಂತೆ ತುಂಡಾಗಲು ಸಮಯ ಸಿಗುತ್ತದೆ. ಎರಡು ಪ್ಲಾಸ್ಟಿಕ್‌ಗಳಿಗೂ ಅಂಟು ಕಡಿಮೆ, ಅದಕ್ಕೇ ಅಂಚಿನ ಪದರ ಏಳುವುದು.

ನಾನಾಗಿದ್ದರೆ ಮೊದಲು ಸ್ವಲ್ಪ ಕಂಪ್ಯಾಟಿಬಿಲೈಸರ್ (ಬೆರೆಯದ ಪ್ಲಾಸ್ಟಿಕ್‌ಗಳನ್ನು ಹೊಂದಿಸುವ ವಸ್ತು) ಹಾಕುತ್ತಿದ್ದೆ. ನಿಮ್ಮ ಜೋಡಿಗೆ ಎಸ್‌ಇಬಿಎಸ್ ಬ್ಲಾಕ್ ಕೋಪಾಲಿಮರ್ (ಎರಡೂ ಪ್ಲಾಸ್ಟಿಕ್‌ಗೆ ಹೊಂದುವ ತುಂಡುಗಳು ಒಂದೇ ಸರಪಳಿಯಲ್ಲಿರುವ ಪಾಲಿಮರ್) ಒಗ್ಗುತ್ತದೆ. ಅದು ಗಡಿಯಲ್ಲಿ ಕೂತು ಸೆಳೆತ ಇಳಿಸುತ್ತದೆ, ಅಂಟು ಹೆಚ್ಚಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಹನಿಗಳು ಕೂಡಿಕೊಳ್ಳುವುದನ್ನು ತಡೆಯುತ್ತದೆ. ಆಮೇಲೆ ಇಂಜೆಕ್ಷನ್ ವೇಗ ಇಳಿಸಿ, ಮೋಲ್ಡ್ ಸ್ವಲ್ಪ ಬೆಚ್ಚಗಿಟ್ಟು ನೋಡಿ. ಕಂಪ್ಯಾಟಿಬಿಲೈಸರ್ ಇಲ್ಲದೆ ಮೋಲ್ಡ್ ಬಿಸಿ ಮಾಡಿದರೆ ನಡುವಿನ ಹನಿಗಳು ಇನ್ನಷ್ಟು ದಪ್ಪಗಾಗಬಹುದು.