ಎಂಡೋಡಾಂಟಿಕ್ಸ್‌ನಲ್ಲಿ (ರೂಟ್ ಕೆನಾಲ್ ಚಿಕಿತ್ಸೆಯ ವಿಭಾಗ) ಎಂಡಿಎಸ್ ಮಾಡಿ ಉಡುಪಿಯಲ್ಲಿ ಕ್ಲಿನಿಕ್ ಹಾಕಿದ್ದೇನೆ. ಜನರಲ್ ಡೆಂಟಿಸ್ಟ್‌ಗಳು ಪೇಷಂಟ್ ಕಳಿಸಬೇಕಾದರೆ ಏನು ಮಾಡಬೇಕು?

ಕ್ಲಿನಿಕ್ ತೆರೆದು ಎಂಟು ತಿಂಗಳಾಯಿತು, ನಲವತ್ತು ಕಡೆ ಹೋಗಿ ಕಾರ್ಡ್ ಕೊಟ್ಟು ಬಂದೆ, ಬಂದ ಪೇಷಂಟ್‌ಗಳನ್ನು ಬೆರಳಲ್ಲಿ ಎಣಿಸಬಹುದು ಅಂತ ಬರೆದಿದ್ದೀರಿ. ಯಾರೋ ಸೀನಿಯರ್ 'ಕಮಿಷನ್ ಕೊಡು, ತಾನಾಗಿ ಬರ್ತಾರೆ' ಅಂದರಂತೆ. ಕೊಡಬೇಕಾ ಅಂತಲೂ ಕೇಳಿದ್ದೀರಿ.

ನಾನು ಎಂಡಿಎಸ್ ಅಲ್ಲ, ಬರೀ ಬಿಡಿಎಸ್. ಸ್ಪೆಷಲಿಸ್ಟ್ ಅಲ್ಲ, ನೀವು ಹೇಳುವ ಜನರಲ್ ಡೆಂಟಿಸ್ಟ್. ಬ್ರಹ್ಮಾವರದಲ್ಲಿ ಹದಿನೇಳು ವರ್ಷದಿಂದ ಒಂದೇ ಚೇರ್ ಇಟ್ಟುಕೊಂಡು ನಡೆಸುತ್ತಿದ್ದೇನೆ. ಅಂದರೆ ನೀವು ಕಾರ್ಡ್ ಕೊಟ್ಟ ನಲವತ್ತು ಜನರಲ್ಲಿ ನಾನೂ ಒಬ್ಬ ಇರಬಹುದು. ಆ ಕಾರ್ಡ್ ಡ್ರಾಯರ್‌ನಲ್ಲಿ ಇನ್ನೂ ಹದಿನೈದಿಪ್ಪತ್ತು ಕಾರ್ಡ್‌ಗಳ ಜೊತೆ ಬಿದ್ದಿದೆ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ನಮ್ಮ ಕಡೆ ಸ್ಪೆಷಲಿಸ್ಟ್‌ಗಳಿಗೆ ಬರ ಇಲ್ಲ ಅಷ್ಟೆ. ಮಣಿಪಾಲದಲ್ಲಿ 1965ರಿಂದ ಡೆಂಟಲ್ ಕಾಲೇಜ್ ಉಂಟು. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯದ್ದು 1987ರದ್ದು. ದೇರಳಕಟ್ಟೆಯಲ್ಲೇ ಎರಡು, ಕುಂಟಿಕಾನದಲ್ಲೊಂದು, ಮುಕ್ಕದಲ್ಲೊಂದು. ವರ್ಷ ವರ್ಷ ಎಂಡಿಎಸ್ ಮುಗಿಸಿ ಬರುವವರಲ್ಲಿ ಸುಮಾರು ಜನ ಇಲ್ಲೇ ಉಳಿಯುತ್ತಾರೆ. ಎಲ್ಲರೂ ಕಾರ್ಡ್ ಕೊಡುತ್ತಾರೆ.

ಹಾಗಾದರೆ ನಾನು ಯಾರಿಗೆ ಕಳಿಸುತ್ತೇನೆ? ಒಂದು ಘಟನೆ ಹೇಳುತ್ತೇನೆ. ಇದನ್ನು ಬರೆಯಲು ಸ್ವಲ್ಪ ನಾಚಿಕೆಯೂ ಆಗುತ್ತದೆ.

ಆರೇಳು ವರ್ಷದ ಹಿಂದೆ, ಜುಲೈ ತಿಂಗಳು, ಹೊರಗೆ ಜಡಿಮಳೆ. ಬಾರ್ಕೂರು ಕಡೆಯ ಒಬ್ಬರು ಅಂಗನವಾಡಿ ಟೀಚರ್‌ಗೆ ಕೆಳಗಿನ ಬಲದವಡೆ ಹಲ್ಲಿನ ರೂಟ್ ಕೆನಾಲ್ ಮಾಡುತ್ತಿದ್ದೆ. ಮುಂದಿನ ಬೇರು ಸಪೂರ, ತುದಿಯಲ್ಲಿ ಬಾಗು ಬೇರೆ. ಬೇರಿನೊಳಗಿನ ಕೊಳವೆಯನ್ನು, ಅಂದರೆ ಕೆನಾಲನ್ನು, ಸವರುವ ಸೂಜಿಯಂಥ ರೋಟರಿ ಫೈಲ್ ಹಾಕಿ ತಿರುಗಿಸುತ್ತಿದ್ದಾಗ ಟಕ್ ಅಂತ ಆಯಿತು. ಆ ಶಬ್ದ ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ, ನಿಮಗೇ ಗೊತ್ತಲ್ಲ. ಫೈಲ್ ಹೊರಗೆ ತೆಗೆದು ನೋಡಿದರೆ ಎರಡು ಮೂರು ಮಿಲಿಮೀಟರ್ ಗಿಡ್ಡ. ಎಕ್ಸ್‌ರೇಯಲ್ಲಿ ಬೇರಿನ ತುದಿ ಹತ್ತಿರ ಬಿಳಿ ಗೆರೆ, ಮುರಿದು ಒಳಗೇ ಉಳಿದ ತುಂಡು.

ನಾನು ಟೀಚರ್‌ಗೆ ಹೇಳಲಿಲ್ಲ. 'ಬೇರು ಸ್ವಲ್ಪ ಬಾಗಿದೆ, ಉಡುಪಿಯಲ್ಲಿ ಸ್ಪೆಷಲಿಸ್ಟ್ ಹತ್ತಿರ ಮಾಡಿಸುವ' ಅಂದೆ. ಚೀಟಿಯಲ್ಲೂ ಅಷ್ಟೇ ಬರೆದೆ. ಮರುದಿನ ಹನ್ನೊಂದು ಗಂಟೆಗೆ ಆ ಸ್ಪೆಷಲಿಸ್ಟ್ ಫೋನ್ ಮಾಡಿದರು. ನನಗಿಂತ ಐದಾರು ವರ್ಷಕ್ಕೆ ಸಣ್ಣವರು.

'ಸರ್, ಒಂದು ತುಂಡು ಕಾಣ್ತಾ ಉಂಟು. ಟೀಚರಿಗೆ ಗೊತ್ತುಂಟಾ?'

ನಾನು ಸುಮ್ಮನಿದ್ದೆ.

'ನಾನು ಇನ್ನೂ ಏನೂ ಹೇಳಿಲ್ಲ. ಹೊರಗೆ ಕೂತಿದ್ದಾರೆ. ಫೋನ್ ಅವರ ಕೈಗೆ ಕೊಡ್ತೇನೆ, ನೀವೇ ಹೇಳಿ. ಮುಂದೆ ಎಂತ ಮಾಡ್ಬಹುದು ಅಂತ ನಾನು ವಿವರಿಸ್ತೇನೆ. ಅವರಿಗೆ ಗೊತ್ತಾಗದೆ ಮಾತ್ರ ನಾನು ಶುರು ಮಾಡುವುದಿಲ್ಲ ಸರ್.'

ಹೇಳಿದೆ. ಟೀಚರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅದನ್ನು ಅಲ್ಲೇ ಹೇಳ್ಬಹುದಿತ್ತಲ್ಲ ಡಾಕ್ಟ್ರೇ, ನಾನೆಂತ ಹೊಡೀತಿದ್ನಾ?' ಅಂದರು. ಆ ಸ್ಪೆಷಲಿಸ್ಟ್ ಮೈಕ್ರೋಸ್ಕೋಪ್ ಕೆಳಗೆ ಎರಡು ಸಿಟ್ಟಿಂಗ್‌ನಲ್ಲಿ ತುಂಡನ್ನು ಬದಿಗಿಟ್ಟು ದಾರಿ ಮಾಡಿಕೊಂಡು ಕೆನಾಲ್ ತುಂಬಿಸಿದರು. ಟೀಚರ್ ಕ್ಯಾಪ್‌ಗೆ ನನ್ನ ಹತ್ತಿರವೇ ವಾಪಸ್ ಬಂದರು. ಕ್ಯಾಪಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಸ್ಪೆಷಲಿಸ್ಟ್ ಬೇಕಿದ್ದರೆ ನನ್ನ ತಪ್ಪು ಮುಚ್ಚಿ ಹಾಕಿ ನನ್ನನ್ನು ಖುಷಿ ಮಾಡಬಹುದಿತ್ತು. ಅಥವಾ ಟೀಚರ್ ಎದುರಿಗೇ 'ಇದನ್ನು ಯಾರಮ್ಮಾ ಮಾಡಿದ್ದು?' ಅಂತ ಹುಬ್ಬೇರಿಸಬಹುದಿತ್ತು. ಹುಬ್ಬೇರಿಸುವವರು ಜಾಸ್ತಿ. ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ, ಎಕ್ಸ್‌ರೇ ನೋಡಿ ಒಂದು ಉಸಿರು ಬಿಟ್ಟರೆ ಸಾಕು, ಪೇಷಂಟ್‌ಗೆ ಅರ್ಥವಾಗುತ್ತದೆ. ಆವತ್ತಿನಿಂದ ನನ್ನ ಕಷ್ಟದ ಕೇಸ್‌ಗಳೆಲ್ಲ ಅವರಿಗೇ ಹೋಗುತ್ತವೆ. ನನ್ನ ಡ್ರಾಯರ್‌ನಲ್ಲಿ ಅವರ ಕಾರ್ಡ್ ಇಲ್ಲ. ನಂಬರ್ ಬಾಯಿಪಾಠ.

ನಮಗೆ ಇರುವ ಹೆದರಿಕೆ ಹೊರಗಿನಿಂದ ಬಂದವರಿಗೆ ಕಾಣುವುದಿಲ್ಲ. ಪೇಷಂಟ್ ಕಳಿಸುವಾಗ ನನ್ನ ಹೆಸರೂ ಅವರ ಜೊತೆ ಬಸ್ ಹತ್ತುತ್ತದೆ. ನಿಮ್ಮಲ್ಲಿ ನೋವಾದರೆ, ಕಾಯಿಸಿದರೆ, ಹೆಚ್ಚು ದುಡ್ಡು ಕೇಳಿದರೆ ಅವರು ನಿಮಗೆ ಬೈಯುವುದಿಲ್ಲ. 'ಡಾಕ್ಟ್ರು ಎಂತ ಮಾರಾಯ್ರೇ ಅಲ್ಲಿಗೆ ಕಳಿಸಿದ್ದು' ಅಂತ ನನ್ನ ಹತ್ತಿರ ಬಂದು ಹೇಳುತ್ತಾರೆ. ಊರು ಸಣ್ಣದು. ಅದೇ ಜನ ದೇವಸ್ಥಾನದಲ್ಲಿ, ಮದುವೆಯಲ್ಲಿ, ಮೀನು ಮಾರ್ಕೆಟಿನಲ್ಲಿ ಸಿಗುತ್ತಾರೆ.

ಮೀನು ಮಾರ್ಕೆಟ್ ಅಂದಾಗ ನೆನಪಾಯಿತು. ಒಮ್ಮೆ ಒಬ್ಬ ಅಂಗಡಿಯವರನ್ನು ಮಂಗಳೂರಿನ ಒಂದು ದೊಡ್ಡ ಕ್ಲಿನಿಕ್‌ಗೆ ಕಳಿಸಿದ್ದೆ. ಒಂದೇ ಒಂದು ಹಲ್ಲಿಗೆ, ಹಳೆ ರೂಟ್ ಕೆನಾಲ್ ಮತ್ತೆ ಮಾಡಿಸಲು. ರಿಪೋರ್ಟ್ ಇಲ್ಲ, ಫೋನ್ ಇಲ್ಲ. ನಾಲ್ಕು ತಿಂಗಳಾದ ಮೇಲೆ ಅವರ ಹೆಂಡತಿ ಮೀನು ಆರಿಸುತ್ತಾ ಸಿಕ್ಕಿದರು. ಅಲ್ಲಿ ನಾಲ್ಕು ಕ್ಯಾಪ್ ಹಾಕಿದರಂತೆ, ಕ್ಲೀನಿಂಗ್ ಆಯಿತಂತೆ, ಮಗನಿಗೆ ಕ್ಲಿಪ್ ಶುರುವಾಗಿದೆಯಂತೆ. 'ನಿಮ್ಮ ಹಳೆ ಡಾಕ್ಟ್ರು ಹಾಕಿದ ಸಿಮೆಂಟ್ ಎಲ್ಲ ತೆಗೆಸ್ಬೇಕು ಅಂದ್ರು' ಅಂತ ಪಾಪ ಅವರು ಮುಗ್ಧವಾಗಿ ಹೇಳಿದರು. ಪೇಷಂಟ್ ಯಾರ ಆಸ್ತಿಯೂ ಅಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು. ಅದು ಅವರ ಹಕ್ಕು. ಹಾಗೆಯೇ ಅಲ್ಲಿಗೆ ಮತ್ತೆ ಯಾರನ್ನೂ ಕಳಿಸದೆ ಇರುವುದು ನನ್ನ ಹಕ್ಕು.

ಆದ್ದರಿಂದ ಯಾವ ಹಲ್ಲಿಗೆ ಕಳಿಸಿದ್ದಾರೋ ಆ ಹಲ್ಲಿನ ಕೆಲಸ ಮಾಡಿ ವಾಪಸ್ ಕಳಿಸಿ. ಬೇರೆ ಏನಾದರೂ ಕಂಡರೆ ಮುಚ್ಚಿಡಬೇಡಿ. 'ಪಕ್ಕದ್ದರಲ್ಲೂ ಹುಳುಕು ಉಂಟು, ನಿಮ್ಮ ಡಾಕ್ಟ್ರಿಗೆ ಬರೆದಿದ್ದೇನೆ' ಅಂತ ಪೇಷಂಟ್‌ಗೇ ಹೇಳಿ, ಚೀಟಿಯಲ್ಲೂ ಬರೆಯಿರಿ. ಎಲೆಅಡಿಕೆ, ಹೊಗೆಸೊಪ್ಪು ಹಾಕುವವರ ಕೆನ್ನೆಯ ಒಳಗೆ ಬಿಳಿ ಕಲೆ, ಮಾಯದ ಹುಣ್ಣು ಕಂಡರೆ ಮಾತ್ರ ಚೀಟಿಗೆ ಕಾಯಬೇಡಿ, ಕೂಡಲೇ ಫೋನ್ ಮಾಡಿ. ನಾನು ಕೆಳಗಿನ ಹಲ್ಲು ಅಂತ ಬರೆದು, ನೋವು ಮೇಲಿನದ್ದು ಅಂತ ನಿಮಗೆ ಅನಿಸಿದರೂ ಡ್ರಿಲ್ ಹಿಡಿಯುವ ಮೊದಲು ಫೋನ್ ಮಾಡಿ. ನನಗೆ ಬೇಜಾರಿಲ್ಲ. ತಪ್ಪು ಹಲ್ಲು ತೆರೆದರೆ ಇಬ್ಬರಿಗೂ ಕಷ್ಟ.

ರಿಪೋರ್ಟ್ ವಿಷಯಕ್ಕೆ ಬರುವ. ಲೆಟರ್‌ಹೆಡ್‌ನಲ್ಲಿ ಎರಡು ಪುಟ ಯಾರೂ ಓದುವುದಿಲ್ಲ. ವಾಟ್ಸಾಪ್‌ನಲ್ಲಿ ಮೊದಲಿನದ್ದೊಂದು ಕೊನೆಯದ್ದೊಂದು ಎಕ್ಸ್‌ರೇ, ಜೊತೆಗೆ ನಾಲ್ಕು ಸಾಲು. ಎಷ್ಟು ಕೆನಾಲ್ ಸಿಕ್ಕಿತು, ಮೇಲೆ ಹಾಕಿದ್ದು ತಾತ್ಕಾಲಿಕ ಫಿಲ್ಲಿಂಗಾ ಪರ್ಮನೆಂಟಾ, ಕ್ಯಾಪ್ ಯಾವಾಗ ಹಾಕಬಹುದು, ಹಲ್ಲು ಎಷ್ಟರಮಟ್ಟಿಗೆ ಉಳಿಯಬಹುದು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನನಗೆ ಸಿಗದ ನಾಲ್ಕನೇ ಕೆನಾಲ್ ನಿಮಗೆ ಸಿಕ್ಕಿದ್ದರೆ ಅದರ ಒಂದು ಫೋಟೋ. ಇದು ಗತ್ತು ತೋರಿಸಿದ ಹಾಗಲ್ಲ, ನಾನೂ ಕಲಿಯುತ್ತೇನೆ. ತಾತ್ಕಾಲಿಕ ಫಿಲ್ಲಿಂಗ್ ವಿಷಯ ಸಣ್ಣದು ಅನಿಸಬಹುದು. ಅದನ್ನು ಹೇಳದೆ ಹೋಗಿ, ಪೇಷಂಟ್ 'ನೋವು ಹೋಯ್ತಲ್ಲ' ಅಂತ ಆರು ತಿಂಗಳು ಕ್ಯಾಪ್ ಹಾಕಿಸದೆ ಕೂತು, ಕಡಲೆ ಕಚ್ಚುವಾಗ ಹಲ್ಲು ಎರಡು ಹೋಳಾಗಿ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ನಿಮ್ಮ ಅಷ್ಟು ಚಂದದ ರೂಟ್ ಕೆನಾಲ್ ಹಲ್ಲಿನ ಜೊತೆಗೇ ಬಕೆಟ್‌ಗೆ ಹೋಗುತ್ತದೆ. ಹೆಸರು ಕಾಣುವ ಎಕ್ಸ್‌ರೇ ಮಾತ್ರ ಗ್ರೂಪ್‌ಗೆ ಹಾಕಬೇಡಿ, ನನಗೊಬ್ಬನಿಗೇ ಕಳಿಸಿ.

ನಮ್ಮ ಕಡೆಯ ತಪ್ಪುಗಳೂ ಇವೆ, ಅದನ್ನೂ ಹೇಳಬೇಕಲ್ವಾ. ನಾವು ಬರೆಯುವ ಚೀಟಿ ಅಂದರೆ 'ಆರ್‌ಸಿಟಿ ಮಾಡಿ ಕೊಡಿ', ಅಂದರೆ ರೂಟ್ ಕೆನಾಲ್ ಮಾಡಿ, ಅಷ್ಟೇ. ಶುಗರ್ ಉಂಟೋ, ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಾರೋ, ನಾನು ಎಷ್ಟು ಮಾಡಿ ನಿಲ್ಲಿಸಿದೆನೋ, ಯಾವುದೂ ಇರುವುದಿಲ್ಲ. ಗುಟ್ಕಾ ತಿಂದು ತಿಂದು ಬಾಯಿ ಎರಡು ಬೆರಳಿನಷ್ಟೂ ತೆರೆಯದವರನ್ನು ಹಿಂದಿನ ಹಲ್ಲಿನ ರೂಟ್ ಕೆನಾಲ್‌ಗೆ ಕಳಿಸಿದ್ದುಂಟು. ಅವರು ಅರ್ಧ ದಿನ ರಜೆ ಹಾಕಿ ಹೋಗಿ ಸುಮ್ನೆ ವಾಪಸ್ ಬಂದರು. ಇದಕ್ಕೆ ನೀವೇ ಐದಾರು ಪ್ರಶ್ನೆಯ ಒಂದು ವಾಟ್ಸಾಪ್ ಮೆಸೇಜ್ ತಯಾರಿಸಿ ಕೊಡಿ, ನಾವು ತುಂಬಿಸಿ ಕಳಿಸುತ್ತೇವೆ. ಬ್ರೋಷರ್‌ಗಿಂತ ಅದು ಉಪಯೋಗ.

ಇನ್ನು ಸಮಯ. ಹಲ್ಲುನೋವು ಬರುವುದೇ ಶನಿವಾರ ಸಂಜೆ. 'ಬುಧವಾರ ಅಪಾಯಿಂಟ್‌ಮೆಂಟ್ ಉಂಟು' ಅಂದರೆ ನಾನು ಬೇರೆಯವರಿಗೆ ಫೋನ್ ಮಾಡುತ್ತೇನೆ. ದಿನಾ ಒಂದು ಗಂಟೆ ಖಾಲಿ ಇಡಿ, ಸದ್ಯಕ್ಕೆ ನಿಮಗೆ ಅದೇನೂ ಕಷ್ಟ ಆಗಲಿಕ್ಕಿಲ್ಲ (ಕ್ಷಮಿಸಿ!). ದುಬೈ, ಕುವೈತ್‌ನಿಂದ ಇಪ್ಪತ್ತು ದಿನದ ರಜೆಗೆ ಬಂದು, ಕೊನೆಯ ವಾರ ಹಲ್ಲು ನೆನಪಾಗುವವರು ನಮ್ಮಲ್ಲಿ ಎಷ್ಟು ಜನ! ಮಂಗಳವಾರ ಬಜಪೆಯಿಂದ ಫ್ಲೈಟ್, ಶುಕ್ರವಾರ ನನ್ನ ಬಾಗಿಲಲ್ಲಿ. ಅಂಥವರದ್ದು ಒಂದೇ ಸಿಟ್ಟಿಂಗ್‌ನಲ್ಲಿ ಆಗುತ್ತದಾ ಇಲ್ಲವಾ ಅಂತ ಎಕ್ಸ್‌ರೇ ನೋಡಿ ಹತ್ತು ನಿಮಿಷದಲ್ಲಿ ಹೇಳುವ ಸ್ಪೆಷಲಿಸ್ಟ್ ಸಿಕ್ಕಿದರೆ ನಾನು ಬಿಡುವುದಿಲ್ಲ. ಆಗುವುದಿಲ್ಲ ಅಂದರೂ ಬಿಡುವುದಿಲ್ಲ.

ಬ್ಯಾಗ್ ಹಿಡಿದುಕೊಂಡು ನಮ್ಮ ಕ್ಲಿನಿಕ್‌ಗಳಿಗೇ ಕನ್ಸಲ್ಟೆಂಟ್ ಆಗಿ ಬರುವುದು ನಿಮಗೆ ಇಷ್ಟವೋ ಇಲ್ಲವೋ ಗೊತ್ತಿಲ್ಲ. ಮೊದಲ ಎರಡು ವರ್ಷ ಮಾಡಿ ಅಂತ ನನ್ನ ಸಲಹೆ. ವಾರದಲ್ಲಿ ಎರಡು ದಿನ, ಕುಂದಾಪುರದ ಕಡೆ ಒಂದು, ಕಾಪು ಪಡುಬಿದ್ರೆ ಕಡೆ ಒಂದು. ಪಕ್ಕದಲ್ಲಿ ನಿಂತು ನಿಮ್ಮ ಕೈಕೆಲಸ ನೋಡಿದ ಮೇಲೆ ನಮಗೆ ಧೈರ್ಯ ಬರುತ್ತದೆ. ಮೈಕ್ರೋಸ್ಕೋಪ್ ಬೇಕಾಗುವ ಕೇಸನ್ನು ನೀವು ಕೇಳದೆಯೇ ನಿಮ್ಮಲ್ಲಿಗೆ ಕಳಿಸುತ್ತೇವೆ. ಆದರೆ ಲೆಕ್ಕ ಮೊದಲ ದಿನವೇ ಮಾತಾಡಿ. ನಿಮ್ಮ ಫೀಸ್ ಎಷ್ಟು, ಫೈಲ್ ಯಾರದ್ದು, ಆರು ತಿಂಗಳಲ್ಲಿ ಮತ್ತೆ ನೋವು ಬಂದರೆ ಯಾರ ಖರ್ಚು. ದುಡ್ಡು ಅದೇ ದಿನ ಕೈಗೆ ತೆಗೆದುಕೊಳ್ಳಿ. ಜನರಲ್ ಡೆಂಟಿಸ್ಟ್‌ಗಳು ಕನ್ಸಲ್ಟೆಂಟ್ ಫೀಸ್ ಬಾಕಿ ಇಡುವುದರಲ್ಲಿ ಎತ್ತಿದ ಕೈ. ಈ ಮಾತು ಹೇಳುತ್ತಿರುವ ನಾನೂ ಇಟ್ಟವನೇ.

ಕಮಿಷನ್ ಬೇಡ. ಡೆಂಟಿಸ್ಟ್‌ಗಳ ನೀತಿ ಸಂಹಿತೆಯ 2014ರ ನಿಯಮಗಳಲ್ಲಿ ರೆಫರ್ ಮಾಡಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ನೀವು ಬಂದು ಕೆಲಸ ಮಾಡಿ ಫೀಸ್ ತೆಗೆದುಕೊಳ್ಳುವುದು ಬೇರೆ ವಿಷಯ, ಅದರಲ್ಲಿ ಹೆದರಲಿಕ್ಕೆ ಏನೂ ಇಲ್ಲ. ಕವರ್‌ನಲ್ಲಿ ಬರುವ ದುಡ್ಡು ಕೊನೆಗೆ ಪೇಷಂಟ್‌ನ ಬಿಲ್‌ನಿಂದಲೇ ಬರಬೇಕು. ಕಮಿಷನ್‌ಗೆ ಬರುವ ಡೆಂಟಿಸ್ಟ್ ನಾಳೆ ಇನ್ನೊಬ್ಬರು ನೂರು ರೂಪಾಯಿ ಜಾಸ್ತಿ ಕೊಟ್ಟರೆ ಅತ್ತ ಹೋಗುತ್ತಾರೆ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡುವವರೂ ಇದ್ದಾರೆ. ತಿಂದಿದ್ದೇನೆ, ರುಚಿಯಾಗಿತ್ತು. ಕೊಟ್ಟವರ ಹೆಸರು ನೆನಪಿಲ್ಲ.

ಒಂದು ತಪ್ಪು ಮಾತ್ರ ಮಾಡಬೇಡಿ. ಡೆಂಟಿಸ್ಟ್‌ಗಳ ಸಂಘ ಐಡಿಎಯ ಮೀಟಿಂಗ್‌ನಲ್ಲಿ ಮಾತಾಡಲು ಅವಕಾಶ ಸಿಕ್ಕಿದರೆ 'ರೂಟ್ ಕೆನಾಲ್ ಸ್ಪೆಷಲಿಸ್ಟ್‌ಗೇ ಬಿಡಿ' ಅನ್ನಬೇಡಿ. ಒಬ್ಬರು ಹಾಗೆ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ನಾವೆಲ್ಲ ಊಟಕ್ಕೆ ಎದ್ದೆವು. ನಮ್ಮ ಅನ್ನ ಅದರಲ್ಲೂ ಉಂಟು. ಮುಂದಿನ ಹಲ್ಲು, ನೇರ ಬೇರು ನಾವು ಮಾಡುತ್ತೇವೆ. ಅದನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆ, ಎಲ್ಲಿ ನಿಲ್ಲಿಸಬೇಕು ಅಂತ ಹೇಳಿಕೊಡಿ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾದ ಡೆಂಟಿಸ್ಟ್ ಜಾಸ್ತಿ ಕಳಿಸುತ್ತಾರೆ, ಅದೂ ಫೈಲ್ ಮುರಿಯುವ ಮೊದಲು. ದುಡ್ಡಿಗೆ ಕಷ್ಟ ಇರುವವರನ್ನು ನಾವು ಕಾಲೇಜಿಗೇ ಕಳಿಸುತ್ತೇವೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ನಲವತ್ತು ಕ್ಲಿನಿಕ್ ಬಿಡಿ. ಆರು ಆರಿಸಿಕೊಳ್ಳಿ, ಬಸ್‌ನಲ್ಲಿ ಪೇಷಂಟ್ ಅರ್ಧ ಗಂಟೆಯಲ್ಲಿ ನಿಮ್ಮಲ್ಲಿಗೆ ತಲುಪುವಂಥವು. ಹೋಗುವುದಾದರೆ ಮಧ್ಯಾಹ್ನ ಒಂದೂವರೆ ಮೇಲೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಬಾಗಿಲಲ್ಲಿ ನಿಂತವರನ್ನು ಕಂಡರೆ ನಮಗೆ ಮೆಡಿಕಲ್ ರೆಪ್ ಅನಿಸಿಬಿಡುತ್ತದೆ. ಕಾರ್ಡ್ ಬೇಡ. 'ನಿಮಗೆ ಯಾವ ಹಲ್ಲು ತಲೆನೋವು ಕೊಡ್ತಾ ಉಂಟು?' ಅಂತ ಕೇಳಿ. ನನ್ನ ಹತ್ತಿರ ಸದ್ಯಕ್ಕೆ ಒಂದು ಉಂಟು, ಎಡಗಡೆ ಮೇಲಿನ ದವಡೆ, ಮೂರು ಸಲ ತೆರೆದು ಮುಚ್ಚಿದ್ದೇನೆ, ಕೆನಾಲ್ ಸಿಗುತ್ತಿಲ್ಲ. ನನ್ನ ಮಾಮೂಲಿ ಸ್ಪೆಷಲಿಸ್ಟ್ ಈ ತಿಂಗಳು ಊರಲ್ಲಿಲ್ಲ. ಮೆಸೇಜ್ ಮಾಡಿ, ಎಕ್ಸ್‌ರೇ ಕಳಿಸುತ್ತೇನೆ.