ಕನ್ನಡ ಮಾತ್ರ ಬಲ್ಲ ಅಮ್ಮನಿಗೆ ಮಂಡಿ ಆಪರೇಷನ್: ಆಸ್ಪತ್ರೆಯಲ್ಲಿ ಏನೇನು ನೋಡಿಕೊಳ್ಳಬೇಕು?

ನಿಮ್ಮ ತಾಯಿಯವರಿಗೆ 68 ವರ್ಷ, ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆಗಲಿದೆ. ಅಲ್ಲಿಯ ನರ್ಸ್‌ಗಳಲ್ಲಿ ಹೆಚ್ಚಿನವರಿಗೆ ಕನ್ನಡ ಅಷ್ಟಕ್ಕಷ್ಟೆ ಎಂದು ಬರೆದಿದ್ದೀರಿ. ನಾನು ಮೂಳೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು.

ಭಾಷೆಯ ಚಿಂತೆ ನನಗೆ ಅಷ್ಟಿಲ್ಲ. ಕೇರಳದಿಂದ ಬಂದ ಹುಡುಗಿಯರೂ ‘ನೋವು’, ‘ಊಟ ಆಯ್ತಾ’ ಎಂಬುದನ್ನು ಬೇಗ ಕಲಿಯುತ್ತಾರೆ. ನನಗೆ ಭಯ ಇರುವುದು ನಮ್ಮ ಅಮ್ಮಂದಿರ ಸಂಕೋಚದ ಬಗ್ಗೆ. ‘ಪಾಪ, ಆ ಮಗು ಬೆಳಗಿನಿಂದ ಓಡಾಡುತ್ತಿದೆ, ಮತ್ತೆ ಯಾಕೆ ಕರೆಯುವುದು’ ಎಂದುಕೊಂಡು ಆಪರೇಷನ್ ಆದ ರಾತ್ರಿಯೇ ಮಂಚದಿಂದ ಕಾಲಿಳಿಸಿ ಶೌಚಾಲಯಕ್ಕೆ ಹೊರಡುತ್ತಾರೆ. ಬೀಳುವುದು ಆಗಲೇ. ಮಕ್ಕಳು ಹೇಳಿದರೆ ಕೇಳುವವರಲ್ಲ. ಹಾಗಾಗಿ ‘ಕರೆಯದೆ ಏಳಬಾರದು ಎಂದು ನೀವೇ ಒಂದು ಮಾತು ಹೇಳಿ ಸಿಸ್ಟರ್’ ಎಂದು ನರ್ಸ್ ಬಾಯಿಂದಲೇ ಹೇಳಿಸಿ. ಕರೆಗಂಟೆ ಅವರ ಕೈಗೆ ಎಟುಕುತ್ತದೆಯೇ ಎಂದು ಮಲಗುವ ಮುನ್ನ ನೋಡಿ. ಹಾಸಿಗೆ ಬದಲಿಸುವಾಗ ಅದು ದಿಂಬಿನ ಹಿಂದೆ ಸರಿದುಬಿಡುವುದು ಮಾಮೂಲು.

ನೋವಿನ ವಿಷಯದಲ್ಲೂ ಇದೇ ಕಥೆ. ‘ಸೊನ್ನೆಯಿಂದ ಹತ್ತರೊಳಗೆ ಎಷ್ಟಮ್ಮ?’ ಎಂದು ಕೇಳಿದರೆ ‘ಪರವಾಗಿಲ್ಲ ಬಿಡು’ ಎನ್ನುತ್ತಾರೆ, ಕೇಸ್ ಶೀಟಿನಲ್ಲಿ ಎರಡು ಎಂದು ದಾಖಲಾಗುತ್ತದೆ, ಫಿಸಿಯೋಥೆರಪಿಯವರು ಬಂದಾಗ ಕಾಲೆತ್ತಲು ಆಗುವುದಿಲ್ಲ. ಅಂಕಿಯ ಗೊಡವೆ ಬೇಡ. ‘ನಿದ್ದೆ ಬರಲಿಲ್ಲ’, ‘ಮಗ್ಗುಲಾಗಲು ಆಗುತ್ತಿಲ್ಲ’ ಎಂದು ಹೇಳಲು ಕಲಿಸಿ. ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ತಡಮಾಡದೆ ಹೇಳಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರಂತೂ ಕೂಗಿಯೇ ಕರೆಯಬೇಕು.

ಇನ್ನು ಬ್ಯಾಗ್ ತಪಾಸಣೆ ಮಾಡಿ. ತಮಾಷೆಯಲ್ಲ. ಮನೆಯ ಬಿಪಿ ಮಾತ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀರೆಯ ಮಡಿಕೆಯೊಳಗೆ ಇರುತ್ತದೆ. ಆಸ್ಪತ್ರೆಯವರು ಕೊಟ್ಟದ್ದನ್ನೂ ನುಂಗಿ, ‘ನಮ್ಮ ಡಾಕ್ಟರು ಬರೆದದ್ದು’ ಎಂದು ಇದನ್ನೂ ನುಂಗುತ್ತಾರೆ. ಆಮೇಲೆ ರಕ್ತದೊತ್ತಡ ಯಾಕೆ ಕುಸಿಯಿತು ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತೇವೆ. ದಾಖಲಾಗುವಾಗಲೇ ಎಲ್ಲ ಮಾತ್ರೆಗಳ ಪಟ್ಟಿ ಕೊಡಿ. ನಾಟಿ ಔಷಧ, ಕಷಾಯವನ್ನೂ ಸೇರಿಸಿ. ಸಲ್ಫಾ, ಪೆನಿಸಿಲಿನ್‌ನಂಥ ಔಷಧ ಒಗ್ಗದಿದ್ದರೆ ಪ್ರತಿ ಪಾಳಿಯ ನರ್ಸ್‌ಗೂ ಹೇಳಿ. ಪಾಳಿ ಬದಲಾಗುವ ಹೊತ್ತಿನಲ್ಲೇ ಮಾತು ಬಿಟ್ಟುಹೋಗುವುದು ಹೆಚ್ಚು.

ಸಕ್ಕರೆ ಕಾಯಿಲೆ ಇರುವುದರಿಂದ ಆಪರೇಷನ್‌ಗೆಂದು ಉಪವಾಸವಿರುವ ದಿನ ಇನ್ಸುಲಿನ್, ಮಾತ್ರೆಗಳನ್ನು ಏನು ಮಾಡಬೇಕೆಂದು ಅರಿವಳಿಕೆ ವೈದ್ಯರನ್ನೇ ಕೇಳಿ. ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟಾದ ಮೇಲೆ ಊಟದ ತಟ್ಟೆ ಬರದಿದ್ದರೆ ಸುಮ್ಮನೆ ಕೂರಬೇಡಿ. ಬೆವರು, ನಡುಕ, ತೊದಲು ಮಾತು ಕಂಡರೆ ಆಗಲೇ ರಕ್ತದ ಸಕ್ಕರೆ ಪರೀಕ್ಷಿಸಲು ಹೇಳಿ. ಅದು 70 mg/dLಗಿಂತ ಕಡಿಮೆ ಇದ್ದರೆ ಕಾಯುವ ಮಾತಿಲ್ಲ.

ಹೆಸರು ಕೇಳುವ ರೀತಿಯನ್ನೂ ಗಮನಿಸಿ. ‘ಲಕ್ಷ್ಮಮ್ಮ ಅಲ್ಲವಾ?’ ಎಂದರೆ ಕಿವಿ ಮಂದವಾದ ಜಯಮ್ಮನವರೂ ‘ಹೂಂ’ ಎನ್ನುತ್ತಾರೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮಂದಿರನ್ನು ನಾನೇ ನೋಡಿಕೊಂಡಿದ್ದೇನೆ. ಅಮ್ಮನೇ ತಮ್ಮ ಹೆಸರು ಹೇಳಲಿ, ಕೈಪಟ್ಟಿ ನೋಡಿಯೇ ಔಷಧ ಕೊಡಲಿ. ಆಪರೇಷನ್‌ಗೆ ಮುಂಚೆ ಸರಿಯಾದ ಮಂಡಿಯ ಕಡೆಗೇ ಪೆನ್ನಿನ ಗುರುತು ಬಿದ್ದಿದೆಯೇ ಎಂದು ಅವರೂ ನೋಡಲಿ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ವಿವರಿಸಿದ ಮೇಲೆಯೇ ಸಹಿ ಮಾಡಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ರೋಗಿಗಳ ಹಕ್ಕುಗಳ ಸನ್ನದೂ ಸೇರಿತು. ಹಾಗಾಗಿ ಕೇಳುವುದು ಜಗಳವಲ್ಲ. ಆದರೂ ರೌಂಡ್ಸಿಗೆ ಬಂದ ವೈದ್ಯರ ಮುಂದೆ ಕಾಯ್ದೆ ಎತ್ತುವ ಬದಲು, ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ.

ಮನೆಗೆ ಕಳುಹಿಸುವ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಬರೆಸಿಕೊಳ್ಳಲು ಮರೆಯಬೇಡಿ. ಮನೆಯ ಮಾತ್ರೆಗಳ ಆ ಡಬ್ಬಿಯನ್ನು ಅಲ್ಲಿಯವರೆಗೆ ನಿಮ್ಮ ಬಳಿಯೇ ಇಟ್ಟುಕೊಳ್ಳಿ.