ಕೆನಡಾದ ಇನುವಿಕ್‌ನಲ್ಲಿ ನೀರಿನ ಪೈಪುಗಳನ್ನು ನೆಲದಡಿ ಹೂಳದೆ ಮೇಲೇಕೆ ಒಯ್ಯುತ್ತಾರೆ?

ಹೂತರೆ ಪೈಪೂ ಕೆಡುತ್ತದೆ, ನೆಲವೂ ಕೆಡುತ್ತದೆ. ಸುಮಾರು 68 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಲ್ಲಿ ಬೇಸಿಗೆಗೆ ಕರಗುವುದು ಮೇಲ್ಪದರ ಮಾತ್ರ. ಅಡಿಯಲ್ಲಿ ವರ್ಷವಿಡೀ ಮಂಜುಗಡ್ಡೆ ಬೆರೆತ ಮಣ್ಣು. ಪೈಪಿನ ಶಾಖಕ್ಕೆ ಅದು ಕರಗಿದರೆ ನೆಲ ಅಲ್ಲಲ್ಲಿ ಕುಸಿದು ಜಾಯಿಂಟ್ ಬಿಡುತ್ತದೆ. ಹಾಗಾಗಿ ನೀರು, ಒಳಚರಂಡಿ ಎರಡರ ಪೈಪನ್ನೂ ಇನ್ಸುಲೇಶನ್ ಮಾಡಿದ ಉದ್ದನೆಯ ಪೆಟ್ಟಿಗೆಯೊಳಗಿಟ್ಟು ಕಂಬಗಳ ಮೇಲೆ ಮನೆಮನೆಗೆ ಒಯ್ಯುತ್ತಾರೆ. ನೀರನ್ನು ತುಸು ಬಿಸಿ ಮಾಡಿ ಹರಿಯುತ್ತಲೇ ಇಡಬೇಕು. ಕಡುಚಳಿಯಲ್ಲಿ ಪಂಪ್ ನಿಂತರೆ ಇಡೀ ಸಾಲೇ ಹೆಪ್ಪುಗಟ್ಟೀತು. ಇಂಥ ವ್ಯವಸ್ಥೆಗೆ ಬದಲಿ ಪಂಪ್, ಜನರೇಟರ್ ಬೇಕೇ ಬೇಕು.

ಮನೆಗಳೂ ಕಂಬಗಳ ಮೇಲೇ. ಅಡಿಯಲ್ಲಿ ಚಳಿಗಾಳಿ ಆಡಿದರಷ್ಟೇ ನೆಲ ಗಟ್ಟಿ ಉಳಿಯುತ್ತದೆ. ಆ ಜಾಗಕ್ಕೆ ಸುತ್ತಲೂ ಹಲಗೆ ಹೊಡೆದು ಮುಚ್ಚುವುದು, ಹಿಮ ತುಂಬಲು ಬಿಡುವುದು ಎರಡೂ ತಪ್ಪು: ಹಿಮ ಚಳಿಯನ್ನು ನೆಲಕ್ಕಿಳಿಯಲು ಬಿಡುವುದಿಲ್ಲ.